ಗೊಟಕ್

ಡೀಸೆಲ್ ಗಾಡಿಗಳು ಪಾಪ, ಮರ್ಯಾದೆ ಕಾಯುತ್ತಿದ್ದವು.
ಮುಹೂರ್ತದಲ್ಲಿ ಯಾರದೋ ಸೀನು ಕೇಳಿಸದಿರಲೆಂದು
ಗಟ್ಟಿಮೇಳ ಊದಿಸುತ್ತಾರಲ್ಲ, ಹಾಗೆ
ಸವೆದ ಬುಶ್ಶು, ಒಣಗಿದ ಕೀಲು, ಸಡಿಲ ನಟ್ಟು
ಎಲ್ಲವೂ ಎಂಜಿನ್ನಿನ ಗದ್ದಲದೊಳಗೆ ದಡ ಸೇರುತ್ತಿದ್ದವು.

ಇದು ಕರೆಂಟಿನ ಗಾಡಿ.
ಗುಂಡಿ ಒತ್ತಿದರೆ ಉಸಿರೂ ಇಲ್ಲ.
ಸಣ್ಣದೊಂದು ತಪ್ಪಿಗೂ
ಅವಿತುಕೊಳ್ಳಲು ಜಾಗವಿಲ್ಲ.

ತಂದವರು ವಾರಿಜಾಕ್ಷಿ ಮೇಡಂ.
ಕೋರ್ಟಿನಲ್ಲಿ ಶೀಘ್ರಲಿಪಿ, ಇಪ್ಪತ್ತಾರು ವರ್ಷ.
ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಓದಿದರು:
ಹದಿನೇಳು, ಬೆಳಿಗ್ಗೆ ಎಂಟು ನಲವತ್ತು,
ಲಕ್ಕಸಂದ್ರದ ಹಂಪು, ಎಡಗಡೆ, ಒಂದು ಸಲ.
ಹತ್ತೊಂಬತ್ತು, ಡೈರಿ ಸರ್ಕಲ್ ಫ್ಲೈಓವರ್, ಪ್ರತಿಯೊಂದು ಜೋಡಣೆಗೂ.
ಇಪ್ಪತ್ತು, ಜೋರು ಮಳೆ. ಸದ್ದಿಲ್ಲ.
ಕಂಪನಿಯವರು ಎರಡು ಸಲ ಲಿಂಕ್ ಬದಲಾಯಿಸಿದರಂತೆ,
ಮೂರನೇ ಸಲ ಕಾಫಿ ಕೊಟ್ಟು
"ನಿಮಗೆ ಹಾಗನ್ನಿಸುತ್ತೆ ಅಷ್ಟೇ" ಅಂದರಂತೆ.

"ಸದ್ದು ಹೇಗಿದೆ, ಮಾಡಿ ತೋರಿಸಿ" ಅಂದೆ.
ನಾಚಿಕೊಂಡರು.
ಲೊಟಲೊಟ ಅಂದರೆ ಲಿಂಕು,
ಟಣ್ ಅಂದರೆ ಸ್ಪ್ರಿಂಗಿನ ತುದಿ ಮುರಿದಿದೆ,
ಗಡಗಡ ಅಂದರೆ ಬೇರಿಂಗು, ಅದು ಬೇರೆ ಖರ್ಚು.
ಕಟಕಟವೇ? ಅಲ್ಲ. ಲಟಕ್? ಅಲ್ಲ, ಇನ್ನೂ ದಪ್ಪ,
ಯಾರೋ ಹೇಳಬಂದ ಮಾತು ನುಂಗಿಕೊಂಡ ಹಾಗೆ.
ಕಣ್ಣು ಮುಚ್ಚಿ, ಗಂಟಲಿನಿಂದ, ಕೊನೆಗೆ:
"ಗೊಟಕ್."

ಟೈರುಗಳ ಹಿಂದಿನಿಂದ ನೂರುಲ್ಲಾ ನಕ್ಕ.
"ಗಾಡಿ ಗೊಟಕ್ ಅಂದರೆ ವಿಲ್ಸನ್ ಗಾರ್ಡನ್ ಸರಿಯಾದ ಜಾಗ ಮೇಡಂ,
ಇಲ್ಲೇ ಚಿತಾಗಾರ, ಅದೂ ಕರೆಂಟಿಂದೇ."
ಮೇಡಂ ನಗಲಿಲ್ಲ.
ಸ್ವಲ್ಪ ತಡೆದು ನಕ್ಕರು.

ಮೊದಲು ಡಿಕ್ಕಿ ಖಾಲಿ ಮಾಡಿದೆವು.
ಜಾಕಿನ ಹಿಡಿ, ಅಕ್ಕನಿಗೆ ವಾಪಸು ಕೊಡಬೇಕಾದ ಕುಕ್ಕರು,
ಒಂಟಿ ಚಪ್ಪಲಿ. ಅರ್ಧ ಸದ್ದು ಅಲ್ಲೇ ಹೋಯಿತು.
ಉಳಿದರ್ಧ, ನಿಜವಾದದ್ದು, ಹಂಪಿನ ಮೇಲೆ ಇದ್ದೇ ಇತ್ತು.

ಗುಂಡಿಗೆ ಇಳಿದೆ. ನೂರುಲ್ಲಾಗೆ ಹೇಳಿದೆ:
ಕಿತ್ತಳೆ ವೈರಿನ ತಂಟೆಗೆ ಹೋಗಬೇಡ, ಮೂಲೆ ಹಿಡಿದು ಅದುಮು, ಬಿಡು.
ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕೆ, ಹಿಡಿ ಕಿವಿಯ ಹಿಂದಿನ ಮೂಳೆಗೆ.
ಸ್ಟ್ರಟ್ಟು, ಮೌನ. ಬಾಲ್ ಜಾಯಿಂಟು, ಮೌನ.
ಹೊಸ ಲಿಂಕು ಹೊಸ ಸೊಸೆಯ ಹಾಗೆ ಸುಮ್ಮನಿತ್ತು.
ಎಡಗಡೆ ಕೆಳಗಿನ ಆರ್ಮಿನ ಬುಶ್ಶಿಗೆ ಬೆರಳಿಟ್ಟೆ.
ಕಿವಿಗಿಂತ ಮುಂಚೆ ಬೆರಳಿಗೆ ಗೊತ್ತಾಯಿತು.

ಬಾಟಲಿಯಿಂದ ನೀರು ಚಿಮುಕಿಸಿದೆ.
ಅದುಮು. ಬಿಡು. ಏನೂ ಇಲ್ಲ.
ಇಪ್ಪತ್ತು, ಜೋರು ಮಳೆ, ಸದ್ದಿಲ್ಲ.
ಮೇಡಂ ಯಾವತ್ತೋ ಬರೆದಿಟ್ಟಿದ್ದರು, ನಾನೇ ಓದಿಕೊಳ್ಳಲಿಲ್ಲ.

ರಬ್ಬರು ಹರಿದಿರಲಿಲ್ಲ.
ಲಿಫ್ಟಿನ ಮೇಲೆ ಚಕ್ರ ನೇತಾಡುತ್ತಿರುವಾಗಲೇ
ಯಾರೋ ಅವಸರದಲ್ಲಿ ಬೋಲ್ಟು ಬಿಗಿದಿದ್ದಾರೆ.
ಗಾಡಿ ನೆಲಕ್ಕಿಳಿದ ದಿನದಿಂದ ಅದರ ಕತ್ತು ತಿರುಚಿಕೊಂಡೇ ಇದೆ,
ಹೊಟ್ಟೆಯಡಿಯ ಬ್ಯಾಟರಿಯ ಭಾರವೆಲ್ಲ ಹೊತ್ತು,
ಪ್ರತಿ ಹಂಪಿಗೂ ಬಿಡಿಸಿಕೊಳ್ಳಲು ನೋಡಿ, ಆಗದೆ,
ಗೊಟಕ್.

ಸಡಿಲ ಮಾಡಿದೆ. ರಬ್ಬರು ತಾನಾಗಿ ಹೊರಳಿ ನೆಟ್ಟಗಾಯಿತು.
"ಸೀಟಲ್ಲಿ ಕೂತುಕೊಳ್ಳಿ ಮೇಡಂ."
"ನಾನ್ಯಾಕೆ?"
"ದಿನಾ ಹೊರುವ ಭಾರ ಹೊತ್ತಿರುವಾಗಲೇ ಬಿಗಿಯಬೇಕು."
ಕೂತರು. ಕುಕ್ಕರನ್ನೂ ಮಡಿಲಲ್ಲಿಟ್ಟುಕೊಂಡರು.
ಟಾರ್ಕ್ ರೆಂಚು ಟಿಕ್ ಅಂದಿತು.
ಮೇಲಿನಿಂದ ಗಾಬರಿಯ ದನಿ, "ಅದೇನದು?"
"ಅದು ಒಳ್ಳೇ ಸದ್ದು."

ಲಕ್ಕಸಂದ್ರದವರೆಗೆ ಹೋಗಿ ಬಂದೆವು, ಎರಡು ಸಲ.
ಹಂಪುಗಳು ಬಂದವು, ಹೋದವು.
ಎಂಟುನೂರು ರೂಪಾಯಿ, ಹೊಸ ಸಾಮಾನು ಏನೂ ಇಲ್ಲ.
ಅವರಿಗೆ ನಂಬಿಕೆಯೇ ಬರಲಿಲ್ಲ. "ಇಷ್ಟೇನಾ ಎತಿರಾಜು?"

ಬಿಟ್ಟ ಸ್ಪ್ಯಾನರ್ ತರಲು ಮತ್ತೆ ಗುಂಡಿಗಿಳಿದೆ.
ಹತ್ತುವಾಗ, ಕೊನೆಯ ಮೆಟ್ಟಿಲಲ್ಲಿ, ನನ್ನ ಮಂಡಿ
ಯಾರ ಎದುರಿಗೂ ಆಡದ ಮಾತು ಆಡಿಬಿಟ್ಟಿತು.

ಮೇಡಂ ಗಡಿಯಾರ ನೋಡಿದರು.
ನೋಟ್‌ಬುಕ್ ತೆರೆದರು.
ಎಡಗಡೆ, ಒಂದು ಸಲ.