ಗ್ಯಾಪ್ ಸರ್ಟಿಫಿಕೇಟು

ಕೋರ್ಟಿನ ಹೊರಗ ಬೇವಿನ ಗಿಡದ ಬುಡಕ ಕುಂತು
ಟೈಪ್ ಮಾಡೋ ಹುಡುಗ ತಲಿ ಎತ್ತದ ಕೇಳಿದ:
"ಇಪ್ಪತ್ತೊಂದು ವರ್ಷ ಗ್ಯಾಪ್ ಐತ್ರೀ ಅಕ್ಕಾರ,
ಏನಂತ ಬರೀಲಿ?"

ಏನಂತ ಬರಿಸ್ಲಿ.
ಬೆಟಗೇರಿ ಮನ್ಯಾಗ ಎರಡು ಮಗ್ಗ ಓಡುವಾಗ
ಮಾತು ಕಡಿಮಿ, ಕೈಸನ್ನಿನ ಜಾಸ್ತಿ.
ಮಗ್ಗ ನಿಂತ ದಿನ ಮನಿ ಒಮ್ಮಿಗೇ ದೊಡ್ಡದಾತು,
ಒಬ್ಬರ ಉಸಿರು ಒಬ್ಬರಿಗೆ ಕೇಳಿಸ್ತು.
ಗುಜರಿಯಾಂವ ಕಿಲೋದ ಲೆಕ್ಕದಾಗ ಒಯ್ದ.
ನಮ್ಮನಿಯವರು ಲಾಳಿ ಒಂದು ಮುಚ್ಚಿ ಇಟಗೊಂಡಿದ್ರು,
ಈಗದು ಅವರ ಫೋಟೋದ ಬಾಜೂಕ ಐತಿ.

ಆಮ್ಯಾಲೆ ಗದಗಿನ ಬೈಂಡಿಂಗ್ ಅಂಗಡಿ.
ಉತ್ತರ ಪತ್ರಿಕಿ ಮಡಚಿ, ಹೊಲದು, ಕಟ್ಟು ಕಟ್ಟೋದು,
ಸಾವಿರಕ್ಕ ಇಷ್ಟು ಅಂತ.
ಯಾರ್ಯಾರೋ ಪಾಸಾದ್ರು, ಯಾರ್ಯಾರೋ ನಪಾಸು,
ಎಲ್ಲಾರ ಹಾಳಿನೂ
ನನ್ನ ಹೆಬ್ಬೆಟ್ಟಿನ ಕೆಳಗ ಹಾದು ಹೋಗ್ಯಾವ.
ಕಾಗದ ಕೊಯ್ದರ ರಕ್ತ ಲಗೂನ ಬರೂದಿಲ್ಲ;
ಮನಿಗೆ ಬಂದು ಖಾರ ಅರದಾಗ ತಿಳೀತಿತ್ತು
ಎಲ್ಲೆಲ್ಲಿ ಕೊಯ್ದೈತಿ ಅಂತ.

ಒಂದಿನ, ಯಾರೂ ಇರಲಾರದಾಗ,
ಖಾಲಿ ಪತ್ರಿಕಿ ಒಂದರ ಮ್ಯಾಲೆ
'ಅಭ್ಯರ್ಥಿಯ ಸಹಿ' ಅನ್ನೋ ಕಡೆ ಸಹಿ ಮಾಡಿದ್ನಿ.
ಮಾಲಕ ನೋಡಿದ. ಬೈಲಿಲ್ಲ.
ವಾರದ ಪಗಾರದಾಗ
ಒಂದು ಪತ್ರಿಕಿ ರೊಕ್ಕ ಹಿಡಿದ.

ಹುಬ್ಬಳ್ಳಿ ಖಾನಾವಳಿಯೊಳಗ ರೊಟ್ಟಿ ಬಡದದ್ದು ಬಿಡ್ರಿ,
ನಸುಕಿನ ಪ್ಯಾಸೆಂಜರಿನಾಗ ನಿಂತ ನಿದ್ದಿ ಮಾಡಿದ್ದೂ.
ಗ್ಯಾಸ್ ಏಜೆನ್ಸಿಯಾಗ ಬಿಲ್ಲು ಮಾಡಾಕ ಕಲಿಸಿದ ಹುಡುಗ
ನನ್ನ ಮಗಳಿಗಿಂತ ನಾಕು ವರ್ಷ ದೊಡ್ಡಾಂವ.
"ಇಷ್ಟು ಲಗೂ ಕಲತ್ರಿ, ಮುಂದ ಯಾಕ ಓದ್ಲಿಲ್ರಿ?" ಅಂದಿದ್ದ.
ಅವತ್ತ ರಾತ್ರಿ ಅನ್ನ ಸೀದಿತ್ತು.

ಇದ್ಯಾವುದೂ ಹೇಳ್ಲಿಲ್ಲ. ಹಿಂದ ಪಾಳಿ ಇತ್ತು.
ಹುಡುಗನ ಬೆರಳು ತಾವ ಹೊಡದ್ವು:
'ಸದರಿ ಅವಧಿಯಲ್ಲಿ ನಾನು
ಯಾವುದೇ ಶಾಲಾ ಕಾಲೇಜಿನಲ್ಲಿ
ವ್ಯಾಸಂಗ ಮಾಡಿರುವುದಿಲ್ಲವೆಂದು
ಪ್ರಮಾಣೀಕರಿಸುತ್ತೇನೆ.'
ಕಸ್ತೂರಿ ಕೋಂ ಮಳಿಯಪ್ಪ ಗಂಜಿ, ವಯಸ್ಸು ಮೂವತ್ತೊಂಬತ್ತು.
ಈ ಸಹಿಗೂ ರೊಕ್ಕ ನಂದ.

ಅಂಜನಾ ಎರಡನೇ ವರ್ಷ, ನಾನು ಮೊದಲನೇದು.
"ಅವ್ವಾ, ಕಾಲೇಜಿನಾಗ ಪುಟ್ಟೀ ಅಂತ ಕರೀಬ್ಯಾಡ.
ಕ್ಯಾಂಟೀನಿಗೆ ಬರಬ್ಯಾಡ. ಮತ್ತ ಆ ಗ್ಯಾಸ್ ಕಂಪನಿ ಚೀಲ..."
ಹೂಂ ಅಂದ್ನಿ.
ಚೀಲ ಬದಲಿ ಮಾಡ್ಲಿಲ್ಲ, ಗಟ್ಟಿ ಐತಿ.

ಮೊದಲ ದಿನ ಸರ್ ಹಂತೇಕ ಬಂದು, ಮೆಲ್ಲಕ,
"ಪಾಲಕರು ಆಫೀಸಿನಾಗ ಭೆಟ್ಟಿ ಆಗ್ರಿ" ಅಂದ್ರು.
ಹಾಜರಿಯಾಗ ಐವತ್ತೇಳನೇ ನಂಬರ್ ಕರದಾಗ
ಎಲ್ಲಾರಂಗ 'ಎಸ್ ಸರ್' ಅನ್ನಾಕ ಹೋಗಿ
"ಬಂದೇನ್ರಿ" ಅಂದ್ನಿ.
ಕ್ಲಾಸಿಗೆ ಕ್ಲಾಸ ನಕ್ತು. ನಾನೂ ನಕ್ಕೆ,
ಒಂದು ಗಳಿಗಿ ತಡಾ ಮಾಡಿ.

ಇವತ್ತ ಪರೀಕ್ಷಾ.
ಬೆಂಚಿನ ಮ್ಯಾಲೆ ಪತ್ರಿಕಿ ಬಂದ ಕೂಡ್ಲೆ
ಉಳದವರು ಗಡಿಯಾರ ನೋಡಿದ್ರು, ನಾನು ಹೊಲಿಗಿ ನೋಡಿದ್ನಿ.
ಈಗ ದಾರ ಇಲ್ಲ, ಎರಡು ಪಿನ್ನು.
ಮೂರನೇ ಹಾಳಿ ಮಡಿಕಿ ಸೊಟ್ಟ.
ಯಾರೋ ಗಡಿಬಿಡಿ ಮಾಡ್ಯಾಳ,
ಮನ್ಯಾಗ ಕೂಸಿಗೆ ಜ್ವರ ಇತ್ತೇನೋ.
ಉಗುರಿಲೆ ತೀಡಿ ಸರಿ ಮಾಡಿದ್ನಿ.
ಹೆಸರು ಆಮ್ಯಾಲೆ ಬರದ್ನಿ.

ಮುಂದಿನ ಹುಡುಗಿಗೆ ಹೆಚ್ಚಿನ ಹಾಳಿ ಕಟ್ಟಾಕ ಬರವಲ್ತು,
ಗಂಟು ಹಾಕಿದಂಗೆಲ್ಲ ಬಿಚ್ಚತಿತ್ತು.
ಸರ್ ಕಡೆ ನೋಡಿದ್ನಿ, ಅವರು ಕಿಡಕಿ ಕಡೆ ನೋಡಿದ್ರು.
ಎಳಿ ಹರದಾಗ ಮಗ್ಗದ ಮುಂದ ಹಾಕೋ ಗಂಟು,
ಅದನ್ನ ಹಾಕಿಕೊಟ್ನಿ.
ಅದು ಬಿಚ್ಚೂದಿಲ್ಲ,
ಬೇಕಾದರ ಕಡೀಬೇಕು.

ಗಂಟಿ ಹೊಡೀತು. ನಾಕನೇ ಪ್ರಶ್ನಿ ಹಂಗ ಉಳೀತು.
ಗೇಟಿನ ಹಂತೇಕ ಅಂಜನಾ, ಗೆಳತ್ಯಾರ ನಡುವ,
ಎಲ್ಲಾರಿಗೂ ಕೇಳೂಹಂಗ ಒದರಿದ್ಲು:
"ಅವ್ವಾ, ಎಷ್ಟು ಬಿಟ್ಟಿ?"

ಒಂದ, ಅಂದ್ನಿ.
ಹತ್ತು ಮಾರ್ಕಿಂದು.