ಚೀಟಿ

ಶುಕ್ರವಾರ ಮೂರಕ್ಕ ಸ್ತ್ರೀ ಸಮಾಜ.
ರಾಯಚೂರ ಬಿಸಲಿಗೆ ಚರ್ಚಿನ ತಗಡು
ಟಪ್ ಟಪ್ ಅಂತ ತಾನಽ ಮಾತಾಡ್ಕೋತದ.
ಜಮಖಾನದ ಮ್ಯಾಲ ಇಪ್ಪತ್ತೊಂದು ಮಂದಿ,
ತಲಿ ಮ್ಯಾಲ ಸೆರಗು,
ನಡುವ ಒಂದು ಬಿಸ್ಕಿಟ್ ಡಬ್ಬಿ.
ಭಾರ ಇದ್ದೋರು ಬರದು ಹಾಕ್ರಿ ಅಂತಾರ ಪಾಸ್ಟರಮ್ಮ.

ಕರುಣಮ್ಮಂದು: ಮಗಳ ಹೆರಿಗಿ.
ಸುವಾರ್ತಕ್ಕಂದು: ಶಕ್ತಿನಗರದಾಗ
ಗಂಡನ ಗುತ್ತಿಗಿ ಕೆಲಸ ಖಾಯಂ ಆಗಲಿ.
ನಂದು,
ಪೆನ್ನು ಹಿಡಕೊಂಡು ಕುಂತೆ. ಅದಕ್ಕ ಹೆಸರಿಲ್ಲ.
ಮುಂಜಾನೆ ಎದ್ದು ಒಲಿ ಮುಂದ ನಿಂತು
ಕಡ್ಡಿ ಯಾಕ ಗೀರಬೇಕು ಅಂತ ಅನಸೋದಕ್ಕ
ನೋವು ಅನ್ನಬೇಕೋ, ಪಾಪ ಅನ್ನಬೇಕೋ?
ಮೊಣಕಾಲು ಅಂತ ಬರದೆ.

ಮೊಣಕಾಲಿಗೆ ಪ್ರಾರ್ಥನಿ ಇತ್ತು ಅವರ ಹತ್ರ.
ಐದು ಮಂದಿ ಸುತ್ತ ಕುಂತರು, ಎಣ್ಣಿ ಹಚ್ಚಿದರು,
ಏನೂ ಆಗದ ಎರಡು ಮೊಣಕಾಲು
ಹಿಡಕೊಂಡು ಅತ್ತರು.
ನಂಗ ಅಳು ಬರಲಿಲ್ಲ.
ಅದಽ ರೋಗ ಅಂತ ಹ್ಯಾಂಗ ಹೇಳಲಿ?

ಹಿಂದೊಮ್ಮೆ ಹೇಳಿದ್ದೆ, ಅರ್ಧ.
"ಕೃತಜ್ಞತೆ ಕಡಿಮಿ ಆದಾಗಽ ಸೈತಾನ ಬಾಗಲ ಬಡೀತಾನ, ದಯಾಮಣಿ,"
ಅಂದಿದ್ದರು ಪಾಸ್ಟರಮ್ಮ. ಒಂದು ನೋಟಬುಕ್ ಕೊಟ್ಟರು,
ದಿನಾ ಹತ್ತು ಉಪಕಾರ ಬರಿ.
ಬರದೆ. ನಳದಾಗ ನೀರು ಬಂತು, ಸ್ತೋತ್ರ.
ಮಗ ಉಂಡ, ಸ್ತೋತ್ರ.
ನಾಕನೇ ದಿನಕ್ಕ ಬರೇ ಸ್ತೋತ್ರ, ಸ್ತೋತ್ರ, ಸ್ತೋತ್ರ,
ಶಾಲಿಯಾಗ ತಪ್ಪು ಮಾಡಿ
ನೂರು ಸಲ ಬರಿಯೋ ಹುಡುಗಿ ಹಂಗ.

ಮುಂದಿನ ಮಂಗಳವಾರ, ದೊಡ್ಡ ದವಾಖಾನಿ.
ಎಲುಬಿನ ಡಾಕ್ಟರ್ ಎಡಕ್ಕ. ನಾನು ಬಲಕ್ಕ ತಿರುಗಿದೆ,
ಸೆರಗು ಮೂಗಿನ ತನಕ ಎಳಕೊಂಡು.
ಬೆಂಚಿನ ತುದಿಗೆ ಇನ್ನೊಂದು ಸೆರಗು.
ನೀಲಿ ಅಂಚು.
ಹೋದ ಕ್ರಿಸ್ಮಸ್ಸಿಗೆ ನಾವಽ ಚಂದಾ ಎತ್ತಿ ಕೊಡಿಸಿದ್ದು.

ಪಾಸ್ಟರಮ್ಮ ನನ್ನ ನೋಡಿದರು.
ಕೈಯಾಗಿನ ಚೀಟಿ ಮಡಚಿದರು, ಮತ್ತ ಮಡಚಿದರು,
ತಾಯತದಾಗ ಹಿಡಿಯುವಷ್ಟು ಸಣ್ಣ.
ಹಳೇ ಚೀಟಿ. ಗೆರಿ ಬಿದ್ದಲ್ಲೆಲ್ಲಾ ಹರದಿತ್ತು.

"ಮೊಣಕಾಲೇನ?" ಅಂದರು.
"ಹೂಂ ರೀ. ನಿಮಗೂ?"
"ಹೂಂ. ಭಾಳ ವರ್ಷದ್ದು."

ಫ್ಯಾನು ತಿರುಗತಿತ್ತು, ಗಾಳಿ ಇರಲಿಲ್ಲ.
ಯಾರದೋ ಕೂಸು ನನ್ನ ಚಪ್ಪಲಿ ಕೂಡ ಆಡತಿತ್ತು.
ಆಯಾ ಬಂದು ಕೂಗಿದಳು: ಸುಕುಮಾರಿ.
ಹನ್ನೆರಡು ವರ್ಷ ಒಂದಽ ಜಮಖಾನದ ಮ್ಯಾಲ ಕುಂತೇವಿ,
ಆ ಹೆಸರು ನಾನು ಕೇಳಿರಲಿಲ್ಲ.

ಏಳುವಾಗ ನನ್ನ ಮೊಣಕಾಲ ಮ್ಯಾಲ ಕೈ ಊರಿದರು.
ಎಣ್ಣಿ ಇಲ್ಲ, ಪ್ರಾರ್ಥನಿ ಇಲ್ಲ.
ಬರೇ ಎದ್ದು ನಿಲ್ಲಲಿಕ್ಕ.