ಮೊಣಕೈಗೆ ಬೆಲ್ಲ

ನಗರ್ತಪೇಟೆಯ ಮೂರನೇ ಮಹಡಿಯಲ್ಲಿ
ನನ್ನ ಮಣೆಗೆ ಎರಡು ಗುಳಿ.
ಉಳಿಯಿಂದ ಕೊರೆದದ್ದಲ್ಲ.
ಮೂವತ್ತೊಂದು ವರ್ಷ ಮೊಣಕೈ ಊರಿ, ಉಸಿರು ಹಿಡಿದು,
ಬೇಸರಿಗೆ ಹರಳು ಕೂರಿಸುತ್ತ ಕೂರಿಸುತ್ತ
ಹಲಸಿನ ಹಲಗೆಯೇ ಸೋತು ಬಿಟ್ಟುಕೊಟ್ಟ ಜಾಗ.

ಈ ಯುಗಾದಿ ಕಳೆದ ಮೇಲೆ ಬಲ ಮೊಣಕೈ ತುದಿಗೆ
ಒಂದು ನಿಂಬೆಹಣ್ಣು ಬಂತು.
ಮೊದಮೊದಲು ನೋವಿಲ್ಲ. ಅಂಗಿತೋಳು ಬಿಗಿ, ಅಷ್ಟೆ.
ಸರ್ವಮಂಗಳ ಹುಣಸೆಹಣ್ಣು ಉಪ್ಪು ಕುದಿಸಿ ಪಟ್ಟು ಹಾಕಿದಳು.
ಕಬ್ಬಿನ ಹಾಲಿನ ಚಾಂದ್ ಪಾಷ ಕೆಳಗಿನಿಂದಲೇ ಕೂಗಿದ:
"ಗಂಟು ಕಟ್ಕೊಂಡು ಎಲ್ಲಿಗೆ ಹೊರಟ್ರಿ ಆಚಾರ್ರೇ?"

ಸೂಜಿ ಹಾಕಿ ಎಳೆದರು ಡಾಕ್ಟರು.
ಸಿರಿಂಜಿನೊಳಗೆ ಏರಿ ಬಂತು ಪುಷ್ಯರಾಗ.
ಸ್ವಲ್ಪ ಬೆಳಕಿಗೆ ಹಿಡೀರಿ ಅಂದೆ, ಅಭ್ಯಾಸಬಲ.
ಹಿಡಿದರು ಪುಣ್ಯಾತ್ಮರು.
"ಕೀವಿಲ್ಲ, ಸದ್ಯ" ಅಂದರು ಅವರು.
ದೋಷವಿಲ್ಲ, ಅಂದುಕೊಂಡೆ ನಾನು.
ಆಮೇಲೆ ಅದನ್ನು ಕಸದ ಬುಟ್ಟಿಗೆ ಹಾಕಿದರು.

ಟೌನ್‌ಹಾಲಿನ ಹಿಂದೆ, ನೆಲಮಾಳಿಗೆಯಲ್ಲಿ ಫಿಸಿಯೋ.
ಹುಡುಗಿ ಹೆಸರು ರೆನಿಟಾ, ಊರು ಕೆಜಿಎಫ್.
ತಾತ ಗಣಿಗೆ ಇಳಿಯುತ್ತಿದ್ದರಂತೆ,
ಮಲಗಿ, ತೆವಳಿ, ಮೊಣಕೈ ಮೇಲೆ.
"ಅವರಿಗೂ ಇದೇ ಇತ್ತು ಸಾರ್, ಹೆಸರು ಮಾತ್ರ ಗೊತ್ತಿರಲಿಲ್ಲ."
ಆ ತಾತ ಕೆರೆದ ಚಿನ್ನ
ಯಾವುದೋ ಒಂದು ಮೂಗುಬೊಟ್ಟಿನಲ್ಲಿ
ನನ್ನ ಕೈ ದಾಟಿ ಹೋಗಿರಬಹುದು. ಹೇಳಲಿಲ್ಲ.

ಮೂಳೆಗೂ ತೊಗಲಿಗೂ ನಡುವೆ
ಎಲ್ಲರಿಗೂ ಒಂದು ಚೀಲ ಇರುತ್ತದಂತೆ,
ಚಿನ್ನದ ರೇಕಿನಷ್ಟು ತೆಳು, ಹೆಚ್ಚುಕಮ್ಮಿ ಖಾಲಿ.
ಒತ್ತುತ್ತಲೇ ಇದ್ದರೆ ತುಂಬಿಕೊಳ್ಳುತ್ತದಂತೆ.

ಕೇಳುತ್ತ ಸಾಹುಕಾರರು ನೆನಪಾದರು.
ದೀಪಾವಳಿ ದೀಪಾವಳಿಗೂ ಪೇಡ ಕೊಟ್ಟು
"ಬರೋ ವರ್ಷ ಅಂಗಡೀಲಿ ನಿಮಗೊಂದು ಪಾಲು" ಅನ್ನುವರು.
ಮೊಣಕೈಗೆ ಬೆಲ್ಲ ಅಂತ ಗೊತ್ತಿದ್ದೂ
ಎಷ್ಟು ಕತ್ತು ಚಾಚಿದೆ!
ನಾಲಿಗೆಗಂತೂ ಎಟುಕಲಿಲ್ಲ.
ತೊಗಲೊಳಗೆ ಇಳಿದು, ಕರಗಿ,
ಆ ಬಣ್ಣದ ನೀರಾಯಿತೇ?

ದಿನಕ್ಕೆ ಮೂರು ಸಲ ಐಸು, ಬಟ್ಟೆ ಸುತ್ತಿ.
ಮಡಿಸು, ಬಿಡಿಸು, ನಿಧಾನ, ಹತ್ತರ ಲೆಕ್ಕ.
ಮೊಣಕೈ ಪಕ್ಕೆಗೆ ಅಂಟಿಸಿ ಅಂಗೈ ಮೇಲೆ, ಅಂಗೈ ಕೆಳಗೆ.
ಬೇಡುವ ಕೈ, ಕೊಡುವ ಕೈ.
ಮೊದಲನೆಯದು ಸಲೀಸು ಬಂತು.
ಎರಡನೆಯದಕ್ಕೆ ಕೊಂಚ ಹಿಡಿತ.
"ಊರಬೇಡಿ ಸಾರ್, ಎಲ್ಲೂ ಊರಬೇಡಿ" ಅಂದಳು.
ಬಸ್ಸಿನ ಕಿಟಕಿಗೂ ಇಲ್ಲ, ಊಟದ ಮೇಜಿಗೂ ಇಲ್ಲ.
ಇನ್ಯಾರದೋ ಪಾರ್ಸೆಲ್ಲಿನ ಹಾಗೆ
ಕೈಯನ್ನು ತೊಡೆ ಮೇಲಿಟ್ಟುಕೊಂಡು
ಮೈಸೂರು ರಸ್ತೆಯುದ್ದಕ್ಕೂ ಕೂತು ಬಂದೆ.

ಆರನೇ ವಾರ ಕೈವಾರದಂಥದ್ದೊಂದು ಇಟ್ಟು ಅಳೆದಳು.
"ಹತ್ತು ಡಿಗ್ರಿ ಬಾಕಿ."
ಬಾಕಿ ಅನ್ನುವ ಮಾತು ನನಗೆ ಹೊಸದೇನಲ್ಲ.
ಆದರೆ ಇವಳು ಬರೆದಿಟ್ಟುಕೊಂಡಳು,
ತಾರೀಖು ಹಾಕಿ, ನನ್ನ ಹೆಸರಿನ ಮುಂದೆ:
ಮೌನೇಶಾಚಾರ್, ಬಲಗೈ, ಹತ್ತು.

ಒಂದು ತುಂಡು ಸ್ಪಂಜನ್ನೂ ಕೊಟ್ಟಳು, ನಡುವೆ ತೂತು.
ಮೂಳೆ ಅದರೊಳಗೆ ತೇಲಬೇಕು, ತಾಗಬಾರದು.
ಕೂರಿಸಿ ನೋಡಿದೆ. ಕೆಲಸ ಬಲ್ಲವಳು.
ಹರಳಿಗಾದರೂ ಇಷ್ಟು ಹದವಾಗಿ
ನಾನು ಮನೆ ಮಾಡಿಕೊಟ್ಟಿದ್ದೆನೋ ಇಲ್ಲವೋ.

ನೆನ್ನೆ ಎಲ್ಲರೂ ಹೋದ ಮೇಲೆ
ಅರಗು ಕಾಯಿಸಿ ಬಲಗಡೆಯ ಗುಳಿ ಮುಚ್ಚಿದೆ.
ಹೆಬ್ಬೆರಳು ಒದ್ದೆ ಮಾಡಿ ಸವರಿ, ಸಮ ಮಾಡಿ,
ಆರಲಿ ಅಂತ ಕೂತೆ.

ಇವತ್ತು ಬೆಳಿಗ್ಗೆ ಚಿಮಟ ಹಿಡಿದೊಡನೆ
ಮೊಣಕೈ ತಾನೇ ಕೆಳಗಿಳಿದು
ಮುಚ್ಚಿದ ಜಾಗದ ಮೇಲೆ
ಸ್ವಲ್ಪ ಹೊತ್ತು ತಡಕಾಡಿತು,
ಬಾಡಿಗೆ ಮನೆ ಬಿಟ್ಟವನು
ಹಳೇ ಬೀಗಕ್ಕೆ ಕೀಲಿ ಹಾಕಿದ ಹಾಗೆ.
ಕೆಳಗೆ ಚಾಂದ್ ಪಾಷ ಐಸು ಒಡೆಯುತ್ತಿದ್ದ.
ಒಂದು ತುಂಡು ಎತ್ತಿಡು ಅಂದೆ.